ಹಿಂದೂ ಮಹಾಸಾಗರದ ನಡುವಿನಿಂದ ಎಚ್‌ಎಫ್ ರೇಡಿಯೊ: ಯಾವ ಹೊತ್ತಿಗೆ 8, ಯಾವ ಹೊತ್ತಿಗೆ 16 ಮೆಗಾಹರ್ಟ್ಸ್?

ಪಡುವಣ_ಗಾಳಿ:

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವನು, ಬಲ್ಕ್ ಕ್ಯಾರಿಯರ್ ಒಂದರಲ್ಲಿ ಥರ್ಡ್ ಆಫೀಸರ್. ದಕ್ಷಿಣ ಆಫ್ರಿಕಾದ ರಿಚರ್ಡ್ಸ್ ಬೇಯಲ್ಲಿ ಕಲ್ಲಿದ್ದಲು ತುಂಬಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತೇವೆ, ಹೆಚ್ಚುಕಮ್ಮಿ 12-13 ದಿನದ ದಾರಿ. ಬ್ರಿಡ್ಜ್‌ನಲ್ಲಿ ಜಿಎಂಡಿಎಸ್‌ಎಸ್, ಅಂದರೆ ಅಪಾಯದ ಕರೆ ಮತ್ತು ಸುರಕ್ಷತೆಯ ರೇಡಿಯೊ ಸೆಟ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ವಾರಕ್ಕೊಂದು ಸಲ ದೂರಕ್ಕೆ ಮುಟ್ಟುವ ಎಂಎಫ್-ಎಚ್‌ಎಫ್ ಸೆಟ್‌ನಿಂದ ಯಾವುದಾದರೂ ಕೋಸ್ಟ್ ಸ್ಟೇಷನ್‌ಗೆ (ದಡದ ರೇಡಿಯೊ ಕೇಂದ್ರ) ಡಿಎಸ್‌ಸಿ, ಅಂದರೆ ಮಾತಿಲ್ಲದೆ ಡಿಜಿಟಲ್ ಸಂದೇಶವಾಗಿ ಹೋಗುವ ಟೆಸ್ಟ್ ಕಾಲ್ ಹಾಕಬೇಕು, ಉತ್ತರ ಬಂತೋ ಇಲ್ಲವೋ ಅಂತ ರೇಡಿಯೊ ಲಾಗ್‌ನಲ್ಲಿ ಬರೆಯಬೇಕು. ಹೋಗುವಾಗ ಬರುವಾಗ ಸೇರಿ ನಾಲ್ಕು ಸಲ ಹಾಕಿದೆ. ಒಂದಕ್ಕೂ ಉತ್ತರ ಇಲ್ಲ. ಮೂರು ಸಲ 8414.5 ಕಿಲೋಹರ್ಟ್ಸ್ (8 ಮೆಗಾಹರ್ಟ್ಸ್ ಬ್ಯಾಂಡ್), ಒಂದು ಸಲ 4207.5 (4ರ ಬ್ಯಾಂಡ್). ನಾಲ್ಕೂ ನನ್ನ 8ರಿಂದ 12ರ ವಾಚ್‌ನಲ್ಲಿ, ಹಡಗಿನ ಗಡಿಯಾರದ ಬೆಳಗಿನ 10 ಗಂಟೆ ಹೊತ್ತಿಗೆ. ಕೊನೆಯ ಸಲ ಹಾಕಿದಾಗ ನಾವು 5 ಡಿಗ್ರಿ ದಕ್ಷಿಣ, 55 ಡಿಗ್ರಿ ಪೂರ್ವದಲ್ಲಿದ್ದೆವು, ಅಂದರೆ ಸೇಶಲ್ಸ್ ಹತ್ತಿರ. ಕರೆದದ್ದು ಭಾರತದ ಪಶ್ಚಿಮ ಕರಾವಳಿಯ ಸ್ಟೇಷನ್ನನ್ನು. ಸೆಟ್‌ನ ಸೆಲ್ಫ್ ಟೆಸ್ಟ್ ಸರಿಯಾಗಿದೆ, ಪ್ರಿಂಟ್‌ನಲ್ಲಿ ಯಾವ ತಪ್ಪೂ ಇಲ್ಲ.

ಇದು ಬರೀ ಲಾಗ್ ತುಂಬಿಸುವ ಪ್ರಶ್ನೆ ಅಲ್ಲ. ಕಳೆದ ಟ್ರಿಪ್‌ನಲ್ಲಿ ಸ್ಯಾಟಲೈಟ್ ಟರ್ಮಿನಲ್ ಎರಡು ದಿನ ಕೆಟ್ಟು ನಿಂತಿತ್ತು. ಆ ಎರಡು ದಿನ ದೂರದವರ ಜೊತೆ ಮಾತಾಡಲು ನಮಗಿದ್ದದ್ದು ಈ ಸೆಟ್ ಒಂದೇ, ಅದರ ಮುಂದೆ ಕೂತರೆ ಯಾವ ಬ್ಯಾಂಡ್ ಒತ್ತಬೇಕು ಅಂತ ನನಗೆ ನಿಜವಾಗಿ ಗೊತ್ತಿರಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಜಿಒಸಿ (ಹಡಗಿನ ರೇಡಿಯೊ ಆಪರೇಟರ್ ಸರ್ಟಿಫಿಕೇಟ್) ಪರೀಕ್ಷೆಗೆ ಓದಿದ ನೋಟ್ಸ್‌ನಲ್ಲಿ "ಹಗಲು ಹೆಚ್ಚು, ರಾತ್ರಿ ಕಡಿಮೆ" ಅಂತ ಒಂದು ಸಾಲು ಇದೆ, ಅಷ್ಟೇ. ಹೆಚ್ಚು ಅಂದರೆ ಎಷ್ಟು? ಹಗಲು ಅಂದರೆ ಯಾರ ಹಗಲು, ನನ್ನದಾ, ಸ್ಟೇಷನ್ನಿನದಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಹಳೇ_ಸ್ಪಾರ್ಕ್ಸ್:

ತಮ್ಮಾ, "ಯಾರ ಹಗಲು" ಅಂತ ಕೇಳಿದಿರಲ್ಲ, ಗುಟ್ಟು ಅಲ್ಲೇ ಇದೆ. ನಿಮ್ಮದೂ ಅಲ್ಲ, ಸ್ಟೇಷನ್ನಿನದೂ ಅಲ್ಲ. ಇಬ್ಬರ ನಡುವಿನ ಜಾಗದ ಹಗಲು. ನಾನು ಮೋರ್ಸ್ ಕಾಲದ ರೇಡಿಯೊ ಆಫೀಸರ್, ಈಗ ರಿಟೈರ್ ಆಗಿದ್ದೇನೆ. ನಿಧಾನವಾಗಿ ಹೇಳುತ್ತೇನೆ, ಕೇಳಿ.

ನಿಮ್ಮ ಸಿಗ್ನಲ್ ನೀರಿನ ಮೇಲೆ ಹರಿದು ಅಷ್ಟು ದೂರ ಹೋಗುವುದಿಲ್ಲ. ಮೇಲೆ ಹೋಗಿ, 250ರಿಂದ 400 ಕಿಲೋಮೀಟರ್ ಎತ್ತರದ ಎಫ್2 ಪದರದಲ್ಲಿ (ಬಿಸಿಲಿಗೆ ಗಾಳಿ ವಿದ್ಯುತ್ ಕಣಗಳಾಗಿ ಒಡೆದು ಆದ ಪದರ) ಬಾಗಿ, ಕೆಳಗೆ ಇಳಿಯುತ್ತದೆ. ಒಂದು ಜಿಗಿತಕ್ಕೆ ಹೆಚ್ಚೆಂದರೆ 4000 ಕಿಲೋಮೀಟರ್. ಸೇಶಲ್ಸ್ ಹತ್ತಿರದಿಂದ ನಮ್ಮ ಪಶ್ಚಿಮ ಕರಾವಳಿಗೆ ಸುಮಾರು 3300 ಕಿಲೋಮೀಟರ್, ಅಂದರೆ ಒಂದೇ ಉದ್ದ ಜಿಗಿತ. ಅದು ಬಾಗುವ ಜಾಗ ದಾರಿಯ ಮಧ್ಯದಲ್ಲಿ, 7 ಡಿಗ್ರಿ ಉತ್ತರ, 64 ಡಿಗ್ರಿ ಪೂರ್ವದ ಮೇಲೆ. ಆ ಬಿಂದುವಿನಲ್ಲಿ ಸೂರ್ಯ ಎಲ್ಲಿದ್ದಾನೆ ಅನ್ನುವುದೇ ನಿಮ್ಮ ಲೆಕ್ಕ. 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆ ಅಲ್ವಾ? 64ಕ್ಕೆ ಯುಟಿಸಿ (ಲೋಕಕ್ಕೆಲ್ಲ ಒಂದೇ ಆದ ಗ್ರೀನಿಚ್ ಸಮಯ) ಜೊತೆ 4 ಗಂಟೆ 16 ನಿಮಿಷ ಸೇರಿಸಿ. ನೀವು 10 ಗಂಟೆಗೆ ಅಂದರೆ 0600 ಯುಟಿಸಿಗೆ ಕಾಲ್ ಹಾಕಿದಿರಿ, ಅಲ್ಲಿ ಆಗ ಹತ್ತೂಕಾಲು. ಬಿಸಿಲು ಚೆನ್ನಾಗಿ ಏರಿದೆ.

ಬಿಸಿಲು ಏರಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಮೇಲಿನ ಎಫ್2 ಗಟ್ಟಿಯಾಗುತ್ತದೆ, ಹಾಗಾಗಿ 16, 22 ಮೆಗಾಹರ್ಟ್ಸ್‌ನಂಥ ಹೆಚ್ಚಿನ ಫ್ರೀಕ್ವೆನ್ಸಿಯನ್ನೂ ಬಾಗಿಸಿ ಕೆಳಗೆ ಕಳಿಸುತ್ತದೆ. ಇದು ಒಳ್ಳೆಯದು. ಆದರೆ ಅದಕ್ಕಿಂತ ತುಂಬಾ ಕೆಳಗೆ, 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಡಿ ಪದರ ಹುಟ್ಟಿಕೊಳ್ಳುತ್ತದೆ. ಇದು ಬಾಗಿಸುವುದಿಲ್ಲ, ಕುಡಿದುಬಿಡುತ್ತದೆ. ನಿಮ್ಮ ಸಿಗ್ನಲ್ ಹೋಗುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಅದನ್ನು ದಾಟಲೇಬೇಕು. ಫ್ರೀಕ್ವೆನ್ಸಿ ಎರಡರಷ್ಟಾದರೆ ಆ ನಷ್ಟ ಡೆಸಿಬೆಲ್ ಲೆಕ್ಕದಲ್ಲಿ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. 8ರಲ್ಲಿ 40 ಡೆಸಿಬೆಲ್ ಹೋಗುತ್ತಿದ್ದರೆ 16ರಲ್ಲಿ 10 ಹೋಗುತ್ತದೆ ಅಂತ ಇಟ್ಟುಕೊಳ್ಳಿ. 4ರ ಗತಿ ನೀವೇ ಲೆಕ್ಕ ಹಾಕಿ. ನಿಮ್ಮ 150 ಅಥವಾ 250 ವ್ಯಾಟ್ ಪೂರ್ತಿ ಅಲ್ಲೇ ಇಂಗಿಹೋಗಿದೆ. ಸೆಟ್ ಸರಿಯಾಗಿಯೇ ಇದೆ.

ಹಾಗಾದರೆ ಎಷ್ಟು ಮೇಲೆ ಹೋಗಬೇಕು? ಆ ದಾರಿಗೆ ಆ ಹೊತ್ತಿಗೆ ಬಾಗಿ ಬರುವ ಅತಿ ಹೆಚ್ಚಿನ ಫ್ರೀಕ್ವೆನ್ಸಿಗೆ ಎಂಯುಎಫ್ ಅನ್ನುತ್ತಾರೆ. ಅದನ್ನು ದಾಟಿದರೆ ಸಿಗ್ನಲ್ ಬಾಗದೆ ಆಕಾಶಕ್ಕೇ ಹೊರಟುಹೋಗುತ್ತದೆ. ಅದರ ಅಂಚಿನಲ್ಲೂ ನಿಲ್ಲಬಾರದು, ಯಾಕೆಂದರೆ ಪದರ ದಿನದಿಂದ ದಿನಕ್ಕೆ ಅಲುಗಾಡುತ್ತದೆ. ಎಂಯುಎಫ್‌ನ 85 ಪರ್ಸೆಂಟ್ ಹತ್ತಿರದ ಬ್ಯಾಂಡ್ ಹಿಡಿಯಬೇಕು. ಇದು ನಾವು ಕಲಿತ ಮೊದಲ ಪಾಠ, ಇವತ್ತಿಗೂ ಬದಲಾಗಿಲ್ಲ.

ನಿಮ್ಮ ಸೇಶಲ್ಸ್ ದಾರಿಗೆ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮಧ್ಯಬಿಂದುವಿನ ಸೂರ್ಯನ ಗಡಿಯಾರದಲ್ಲಿ ಬೆಳಗ್ಗೆ 7ರಿಂದ 9 ಅಂದರೆ 12577 ಕಿಲೋಹರ್ಟ್ಸ್. ಅಲ್ಲಿಂದ ಸಂಜೆ 5ರವರೆಗೆ 16804.5. ಸಂಜೆಗೆ ಮತ್ತೆ 12577. ರಾತ್ರಿ 9ರ ನಂತರ 8414.5, ಬೆಳಗಿನ ಜಾವ 4-5 ಗಂಟೆಗೆ ಪದರ ತೀರಾ ತೆಳುವಾದಾಗ 8 ಇಲ್ಲವೇ 6312. ಗಮನಿಸಿ, ನೀವು ಹಾಕಿದ ಅದೇ 8414.5 ರಾತ್ರಿ 10 ಗಂಟೆಗೆ ಹಾಕಿದ್ದರೆ ಬಹುಶಃ ಉತ್ತರ ಬರುತ್ತಿತ್ತು. ಫ್ರೀಕ್ವೆನ್ಸಿ ತಪ್ಪು ಅನ್ನುವುದಕ್ಕಿಂತ ಹೊತ್ತು ತಪ್ಪಿತ್ತು.

ಇನ್ನೊಂದು ಮಾತು. ನಮ್ಮ ಕಾಲದಲ್ಲಿ ಈ ಲೆಕ್ಕವೆಲ್ಲ ತಲೆಯಲ್ಲಿದ್ದರೂ ಯಾರೂ ಕಿವಿ ಇಡದೆ ಕೀ ಮುಟ್ಟುತ್ತಿರಲಿಲ್ಲ. ಕೋಸ್ಟ್ ಸ್ಟೇಷನ್‌ಗಳು ತಮ್ಮ ಕರೆಗುರುತನ್ನು ಟೇಪ್‌ನಲ್ಲಿ ಬಿಟ್ಟಿರುತ್ತಿದ್ದವು. ಬಾಂಬೆ ರೇಡಿಯೊದ್ದು ವಿಡಬ್ಲ್ಯೂಬಿ. "ವಿ ವಿ ವಿ ಡಿಇ ವಿಡಬ್ಲ್ಯೂಬಿ" ಅಂತ ಒಂದೇ ಸಮನೆ ಬರುತ್ತಿರುತ್ತಿತ್ತು, 8ರಲ್ಲೂ 12ರಲ್ಲೂ 16ರಲ್ಲೂ. ನಾಬ್ ತಿರುಗಿಸಿ ಒಂದೊಂದರಲ್ಲೂ ಅರ್ಧ ನಿಮಿಷ ಕೇಳುವುದು, ಯಾವುದರಲ್ಲಿ ಸ್ವರ ದುಂಡಗೆ, ನಡುಗದೆ ಬರುತ್ತದೋ ಅಲ್ಲಿ ಕರೆಯುವುದು. ಹೋಗುವ ದಾರಿಯೇ ಬರುವ ದಾರಿ. ಅವರು ನನಗೆ ಕೇಳಿದರೆ ನಾನು ಅವರಿಗೆ ಕೇಳುವ ಸಾಧ್ಯತೆ ಚೆನ್ನಾಗಿದೆ. ಪ್ರತಿ ವಾಚ್‌ನಲ್ಲಿ ಹಡಗಿನ ಜಾಗ, ಯುಟಿಸಿ, ಬ್ಯಾಂಡ್, ಎಷ್ಟು ಜೋರು ಅಂತ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದೆ. ಎರಡು ಟ್ರಿಪ್ ಆದ ಮೇಲೆ ಆ ನೋಟ್‌ಬುಕ್ ಯಾವ ಚಾರ್ಟ್‌ಗಿಂತಲೂ ಚೆನ್ನಾಗಿ ಕೆಲಸ ಮಾಡಿತು. ನೀವೂ ಶುರು ಮಾಡಿ.

ಮಲೆನಾಡು_ಹ್ಯಾಮ್:

ಸ್ಪಾರ್ಕ್ಸ್ ಸರ್ ಹೇಳಿದ್ದು ಓದಿ ಮನಸ್ಸು ತುಂಬಿತು. ನಾನು ತೀರ್ಥಹಳ್ಳಿ ಕಡೆಯ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದವನು, ಕಡಲಿಗೆ ಹೋದವನಲ್ಲ. ಮರೈನ್ ಬ್ಯಾಂಡ್‌ನಲ್ಲಿ ನಾನು ಮಾತಾಡುವ ಹಾಗಿಲ್ಲ, ಆದರೆ ಆಕಾಶ ಇಬ್ಬರಿಗೂ ಒಂದೇ. ಎರಡು ವಿಷಯ ಸೇರಿಸುತ್ತೇನೆ.

ಮೊದಲನೆಯದು ಕೇಳುವುದರ ಬಗ್ಗೆ. ಆ ಮೋರ್ಸ್ ಟೇಪ್‌ಗಳು ಈಗ ಇಲ್ಲ. ಆದರೆ ಹ್ಯಾಮ್‌ಗಳ ಅಂತರರಾಷ್ಟ್ರೀಯ ಬೀಕನ್‌ಗಳಿವೆ, ಅಂದರೆ ದಾರಿ ತೆರೆದಿದೆಯಾ ಅಂತ ತಿಳಿಯಲೆಂದೇ ತಾವಾಗಿ ಸಿಗ್ನಲ್ ಬಿಡುವ ಸ್ಟೇಷನ್‌ಗಳು. ಲೋಕದಾದ್ಯಂತ 18 ಸ್ಟೇಷನ್, ಐದು ಫ್ರೀಕ್ವೆನ್ಸಿ: 14.100, 18.110, 21.150, 24.930, 28.200 ಮೆಗಾಹರ್ಟ್ಸ್. ಒಂದೊಂದು ಸ್ಟೇಷನ್‌ಗೆ 10 ಸೆಕೆಂಡ್ ಸರದಿ, ಮೂರು ನಿಮಿಷಕ್ಕೆ ಒಂದು ಸುತ್ತು. ನಿಮ್ಮ ದಾರಿಗೆ ಹೇಳಿ ಮಾಡಿಸಿದ ಹಾಗೆ ಶ್ರೀಲಂಕಾದ 4ಎಸ್7ಬಿ, ಕೀನ್ಯಾದ 5ಝಡ್4ಬಿ, ದಕ್ಷಿಣ ಆಫ್ರಿಕಾದ ಝಡ್‌ಎಸ್6ಡಿಎನ್ ಇವೆ. ಎಲ್ಲವೂ ಎಲ್ಲ ಕಾಲದಲ್ಲೂ ನಡೆಯುತ್ತಿರುವುದಿಲ್ಲ, ಒಂದು ಸಿಗದಿದ್ದರೆ ಇನ್ನೊಂದು ಕೇಳಿ. ಹಡಗಿನ ರಿಸೀವರ್ ಯುಎಸ್‌ಬಿಯಲ್ಲಿದ್ದರೆ (ಮಾತಿಗೆ ಬಳಸುವ ಅಪ್ಪರ್ ಸೈಡ್‌ಬ್ಯಾಂಡ್) 14099 ಕಿಲೋಹರ್ಟ್ಸ್ ಇಡಿ, ಆಗ ಸಿಳ್ಳೆಯ ಸ್ವರ ಹಿತವಾಗಿ ಬರುತ್ತದೆ.

ಇದರ ಸೊಗಸು ಏನೆಂದರೆ, ಪ್ರತಿ ಸ್ಟೇಷನ್ ಮೊದಲು ತನ್ನ ಹೆಸರನ್ನು ಮೋರ್ಸ್‌ನಲ್ಲಿ ಹೇಳಿ, ಆಮೇಲೆ ನಾಲ್ಕು ಉದ್ದ ಗೆರೆ ಎಳೆಯುತ್ತದೆ. ಮೊದಲ ಗೆರೆ 100 ವ್ಯಾಟ್, ಎರಡನೆಯದು 10, ಮೂರನೆಯದು 1, ನಾಲ್ಕನೆಯದು ಬರೀ 0.1 ವ್ಯಾಟ್. ಕಣ್ಣು ಮುಚ್ಚಿ ಕೇಳಬೇಕು. ಟೂಂ, ಟೂಂ, ಆಮೇಲೆ ಎಲ್ಲೋ ಆಳದಿಂದ ಒಂದು ಟೂಂ, ನಾಲ್ಕನೆಯದು ಬಂತೋ ಇಲ್ಲವೋ ಅನ್ನುವ ಹಾಗೆ. 14.100ರಲ್ಲಿ ಕೊಲಂಬೊದ ಮೂರನೇ ಗೆರೆ ಕೇಳಿಸಿತು ಅಂದರೆ ನಿಮ್ಮ 12 ಮತ್ತು 16 ಎರಡೂ ಭಾರತದ ಕಡೆಗೆ ತೆರೆದಿರುವ ಸಾಧ್ಯತೆ ಜಾಸ್ತಿ, ನಿಮ್ಮ 150 ವ್ಯಾಟ್ ಧಾರಾಳ. ಮೊದಲ ಗೆರೆಯೂ ಇಲ್ಲ ಅಂದರೆ ಒಂದು ಬ್ಯಾಂಡ್ ಕೆಳಗೆ ಯೋಚಿಸಿ. ರೇಡಿಯೊದಲ್ಲಿ ಹವಾಮಾನ ನಕ್ಷೆ ಕಳಿಸುವ ಫ್ಯಾಕ್ಸ್ ಕೂಡ ಹೀಗೇ ನೆರವಿಗೆ ಬರುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ವಿಎಂಡಬ್ಲ್ಯೂ ಸ್ಟೇಷನ್ 5755 ಕಿಲೋಹರ್ಟ್ಸ್ ರಾತ್ರಿಗೆ, 18060 ಹಗಲಿಗೆ ಅಂತಲೇ ಇಟ್ಟುಕೊಂಡಿದೆ. ಅವರೇ ಹೊತ್ತು ನೋಡಿ ಫ್ರೀಕ್ವೆನ್ಸಿ ಬದಲಿಸುತ್ತಾರೆ ಅಂದಮೇಲೆ ನಾವು ಒಂದಕ್ಕೇ ಅಂಟಿಕೊಂಡರೆ ಹೇಗೆ?

ಎರಡನೆಯದು, ಸರ್ ಹೇಳಿದ್ದರಲ್ಲಿ ಒಂದೇ ಒಂದು ಕಡೆ ನನ್ನ ಅನುಭವ ಸ್ವಲ್ಪ ಬೇರೆ. ಸಂಜೆ 5ಕ್ಕೇ 16 ಬಿಡಬೇಡಿ. ನಮ್ಮದು ಯುರೋಪಿನ ಆಕಾಶ ಅಲ್ಲ. ಭೂಮಿಯ ಕಾಂತ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯ ಮೇಲೇ ಹಾದುಹೋಗುತ್ತದೆ. ತಿರುವನಂತಪುರದ ಪಕ್ಕದ ತುಂಬಾ ಎಂಬ ಊರಿನಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿಸಿದ್ದೂ ಇದೇ ಕಾರಣಕ್ಕೆ. ನಿಮ್ಮ ಮಧ್ಯಬಿಂದು 7 ಡಿಗ್ರಿ ಉತ್ತರ ಕೂಡ ಆ ರೇಖೆಯ ಪಕ್ಕದಲ್ಲೇ ಇದೆ. ಇಲ್ಲಿ ಸೂರ್ಯ ಮುಳುಗಿದ ಕೂಡಲೇ ಎಫ್ ಪದರ ಕುಸಿಯುವುದಿಲ್ಲ, ಮೊದಲು ಇನ್ನೂ ಮೇಲೇರುತ್ತದೆ. ಡಿ ಪದರ ಮಾತ್ರ ಸೂರ್ಯನ ಜೊತೆಗೇ ಮಾಯ. ಅಂದರೆ ಕುಡಿಯುವವನು ಹೋದ, ಬಾಗಿಸುವವನು ಇನ್ನೂ ಇದ್ದಾನೆ. ಸೌರ ಚಟುವಟಿಕೆ ಜಾಸ್ತಿ ಇರುವ ವರ್ಷಗಳಲ್ಲಿ ರಾತ್ರಿ 8-9ರವರೆಗೂ 14, 18 ಮೆಗಾಹರ್ಟ್ಸ್‌ನಲ್ಲಿ ಆಫ್ರಿಕಾದವರ ಜೊತೆ ಮಾತಾಡಿದ್ದೇನೆ. ಒಂದು ತೊಂದರೆ, ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಂಜೆ 7ರ ನಂತರ ಆ ಪದರದಲ್ಲಿ ಗುಳ್ಳೆಗಳೇಳುತ್ತವೆ. ಆಗ ಧ್ವನಿ ಫ್ಯಾನ್ ಮುಂದೆ ಕೂತು ಮಾತಾಡಿದ ಹಾಗೆ ನಡುಗುತ್ತದೆ. ಸಿಗ್ನಲ್ ಜೋರಾಗಿದ್ದರೂ ಡಿಎಸ್‌ಸಿಯ ಅಕ್ಷರಗಳು ಮುರಿದು ಬೀಳಬಹುದು. ಹಾಗಾದರೆ ಒಂದು ಗಂಟೆ ಕಾದು ಮತ್ತೆ ಹಾಕಿ, ಇಲ್ಲವೇ ಬ್ಯಾಂಡ್ ಬದಲಿಸಿ.

ಹಳೇ_ಸ್ಪಾರ್ಕ್ಸ್:

ಒಪ್ಪಿದೆ ಹ್ಯಾಮ್ ಸಾಹೇಬರೇ. ನನ್ನ ಸಂಜೆಯ ಲೆಕ್ಕ ಸೌರ ಚಟುವಟಿಕೆ ತಗ್ಗಿದ ವರ್ಷಗಳದ್ದು, ನನ್ನ ನೋಟ್‌ಬುಕ್ ಹೆಚ್ಚು ತುಂಬಿದ್ದು ಆಗಲೇ. ಈಗಿನ 25ನೇ ಸೌರಚಕ್ರ 2019ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು, 2024ರ ಹೊತ್ತಿಗೆ ತುದಿ ಮುಟ್ಟಿತು. 11 ವರ್ಷಕ್ಕೊಂದು ಸುತ್ತು ಆದ್ದರಿಂದ ಇನ್ನು ಬರಬರುತ್ತಾ ಇಳಿಯುತ್ತದೆ. ಮೊದಲು 22 ಮೆಗಾಹರ್ಟ್ಸ್ ಕೈಕೊಡುತ್ತದೆ, ಆಮೇಲೆ 16 ಸಂಜೆ ಬೇಗ ಮುಚ್ಚತೊಡಗುತ್ತದೆ. ಅದಕ್ಕೇ ಪಡುವಣ ಗಾಳಿಯವರೇ, ಯಾರೋ ಹತ್ತು ವರ್ಷದ ಹಿಂದೆ ಬರೆದ ಟೇಬಲ್ಲನ್ನು ಬ್ರಿಡ್ಜ್‌ನಲ್ಲಿ ಅಂಟಿಸಿ ನಂಬಿಕೊಳ್ಳಬೇಡಿ, ನನ್ನದನ್ನೂ ಸೇರಿಸಿ.

ಮಲ್ಪೆ_ಧಕ್ಕೆ:

ಅಲ್ಲ ಮಾರಾಯ್ರೆ, ನೀವೆಲ್ಲ 3000 ಕಿಲೋಮೀಟರ್ ಮಾತಾಡುತ್ತಿದ್ದೀರಿ, ನನ್ನದು ಸಣ್ಣ ಪ್ರಶ್ನೆ. ನಮ್ಮ ಅಣ್ಣನದು ಆಳಸಮುದ್ರದ ಬೋಟು. 30 ನಾಟಿಕಲ್ ಮೈಲಿ ದಾಟಿದ ಮೇಲೆ ವಿಎಚ್‌ಎಫ್‌ನಲ್ಲಿ (ಹತ್ತಿರದ ಮಾತಿನ ಸೆಟ್) ದಡ ಸಿಗುವುದಿಲ್ಲ. ಲೈಸೆನ್ಸ್ ಮಾಡಿಸಿ ಎಚ್‌ಎಫ್ ಹಾಕಿಸಿದರೆ 200-300 ಕಿಲೋಮೀಟರ್ ಮಾತಾಡಬಹುದಾ ಅಂತ ಅವನ ಯೋಚನೆ. ಒಬ್ಬರು ಹೇಳಿದರು, "ಎಚ್‌ಎಫ್‌ನಲ್ಲಿ ಆಫ್ರಿಕಾ ಸಿಗುತ್ತದೆ, ಪಕ್ಕದ ಬೋಟು ಸಿಗುವುದಿಲ್ಲ" ಅಂತ. ಇದು ನಿಜವಾ? ದೂರದ್ದು ಸಿಕ್ಕರೆ ಹತ್ತಿರದ್ದು ಯಾಕೆ ಸಿಗಬಾರದು?

ಮಲೆನಾಡು_ಹ್ಯಾಮ್:

ನಿಜ. ನಮ್ಮ ಅಡಿಕೆ ತೋಟದ ಸ್ಪ್ರಿಂಕ್ಲರ್ ನೆನೆಸಿಕೊಳ್ಳಿ. ಒತ್ತಡ ಜಾಸ್ತಿ ಇದ್ದಾಗ ನೀರು ದೂರದ ಸಾಲಿಗೆ ಹೋಗಿ ಬೀಳುತ್ತದೆ, ಬುಡದ ಗಿಡ ಒಣಗಿಯೇ ಇರುತ್ತದೆ. 12, 16 ಮೆಗಾಹರ್ಟ್ಸ್ ಹಾಗೆಯೇ. ಓರೆಯಾಗಿ ಮೇಲೆ ಹೋದದ್ದು ಮಾತ್ರ ಬಾಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ, ನೆಟ್ಟಗೆ ಮೇಲೆ ಹೋದದ್ದು ಪದರವನ್ನು ತೂರಿಕೊಂಡು ಹೋಗಿಬಿಡುತ್ತದೆ. ನೀರಿನ ಮೇಲೆ ಹರಿಯುವ ಅಲೆ ಆ ಫ್ರೀಕ್ವೆನ್ಸಿಯಲ್ಲಿ ಬೇಗ ಸಾಯುತ್ತದೆ. ನಡುವೆ ಉಳಿಯುವುದು ಏನೂ ಕೇಳದ ಒಂದು ಉಂಗುರ. ಅದಕ್ಕೆ ಸ್ಕಿಪ್ ಝೋನ್ ಅನ್ನುತ್ತಾರೆ. ನಿಮ್ಮ ಅಣ್ಣನವರ 200-300 ಕಿಲೋಮೀಟರ್ ಆ ಉಂಗುರದ ಒಳಗೇ ಬರುತ್ತದೆ.

ಅದಕ್ಕೆ ದಾರಿ ಎರಡು. ಒಂದು, 2 ಮೆಗಾಹರ್ಟ್ಸ್. ಉಪ್ಪುನೀರು ಒಳ್ಳೆಯ ವಾಹಕ, ಅದರ ಮೇಲೆ ಈ ಅಲೆ ಹಗಲಲ್ಲೂ 250 ಕಿಲೋಮೀಟರ್ ಆಸುಪಾಸು ಹರಿದು ಹೋಗುತ್ತದೆ, ಅದಕ್ಕೆ ಆಕಾಶದ ಹಂಗೇ ಇಲ್ಲ. ಇನ್ನೊಂದು, ಹಗಲು 6, ರಾತ್ರಿ 4 ಮೆಗಾಹರ್ಟ್ಸ್ ಇಟ್ಟು ಸಿಗ್ನಲ್ಲನ್ನು ನೆತ್ತಿಯ ಮೇಲಕ್ಕೆ ಹೊಡೆದು ಕೆಳಗೆ ಬೀಳಿಸುವುದು. ಆದರೆ ಕೋಲಿನ ಹಾಗೆ ನೆಟ್ಟಗೆ ನಿಂತ ವಿಪ್ ಆಂಟೆನಾ ನೆತ್ತಿಯ ಕಡೆಗೆ ಏನೂ ಕಳಿಸುವುದಿಲ್ಲ. ತಂತಿಯನ್ನು ಅಡ್ಡಡ್ಡ ಕಟ್ಟಬೇಕು, ಅಥವಾ ವಿಪ್ಪನ್ನೇ ಹಿಂದಕ್ಕೆ ಬಾಗಿಸಿ ಕಟ್ಟಬೇಕು. ಏಪ್ರಿಲ್-ಮೇ ಸಂಜೆಗಳಲ್ಲಿ ಘಟ್ಟದ ಮೇಲೆ ಗುಡುಗು ಶುರುವಾದರೆ 2 ಮತ್ತು 4ರಲ್ಲಿ ಕರಕರ ಅಂತ ಸದ್ದು ತುಂಬಿಕೊಳ್ಳುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮೊದಲು ದಡದಲ್ಲಿ ಆ ಫ್ರೀಕ್ವೆನ್ಸಿ ಯಾರು ಕೇಳುತ್ತಾರೆ ಅಂತ ಖಚಿತ ಮಾಡಿಕೊಂಡು ಆಮೇಲೆ ಸೆಟ್‌ಗೆ ದುಡ್ಡು ಹಾಕಿ.

ಸೆಕೆಂಡ್_ಮೇಟ್_ಕಾರವಾರ:

ಕೆಲಸದ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ. ಇವು ತಪ್ಪಿದರೆ ಮೇಲಿನ ಲೆಕ್ಕವೆಲ್ಲ ಸರಿಯಾಗಿದ್ದರೂ ಉತ್ತರ ಬರುವುದಿಲ್ಲ.

ಆ ಸ್ಟೇಷನ್ 16804.5 ಮೇಲೆ ಕಿವಿ ಇಟ್ಟಿದೆಯಾ ನೋಡಿದಿರಾ? ಎಲ್ಲ ಕೋಸ್ಟ್ ಸ್ಟೇಷನ್‌ಗಳೂ ಎಲ್ಲ ಡಿಎಸ್‌ಸಿ ಫ್ರೀಕ್ವೆನ್ಸಿ ಕೇಳುವುದಿಲ್ಲ. ಬ್ರಿಡ್ಜ್‌ನಲ್ಲಿರುವ ಅಡ್ಮಿರಾಲ್ಟಿ ರೇಡಿಯೊ ಸಿಗ್ನಲ್ಸ್‌ನ 1 ಮತ್ತು 5ನೇ ಸಂಪುಟ ತೆಗೆದು, ತಿದ್ದುಪಡಿ ಹಚ್ಚಿದೆಯಾ ನೋಡಿ, ಸ್ಟೇಷನ್ನಿನ ಎಂಎಂಎಸ್‌ಐ (ಡಿಎಸ್‌ಸಿಯಲ್ಲಿ ಕರೆಯುವ ನಂಬರ್) ಮತ್ತು ಅದು ಕೇಳುವ ಫ್ರೀಕ್ವೆನ್ಸಿ ಎರಡನ್ನೂ ಬರೆದುಕೊಳ್ಳಿ. ನಾನು ಒಂದು ಹಡಗಿನಲ್ಲಿ ಮೂರು ತಿಂಗಳು ಹಳೆಯ ನಂಬರ್‌ಗೆ ಟೆಸ್ಟ್ ಕಾಲ್ ಹೋಗುತ್ತಿದ್ದುದನ್ನು ನೋಡಿದ್ದೇನೆ. ಸೆಟ್‌ನ ಮೆಮೊರಿಯಲ್ಲಿ ಹಿಂದಿನವರು ಹಾಕಿಟ್ಟದ್ದು, ಯಾರೂ ತೆರೆದು ನೋಡಿರಲಿಲ್ಲ.

ಟೆಸ್ಟ್ ಕಾಲ್ ಸೇಫ್ಟಿ ವರ್ಗದ ಟೆಸ್ಟ್ ಅಂತಲೇ ಹೋಗಬೇಕು, ಅದೂ ಅಪರೂಪಕ್ಕೆ. 2, 4, 6, 8, 12, 16 ಮೆಗಾಹರ್ಟ್ಸ್ ಬ್ಯಾಂಡ್‌ಗಳಲ್ಲಿ ಒಂದೊಂದರಂತೆ ಇರುವ ಡಿಎಸ್‌ಸಿಯ ಆ ಆರು ಫ್ರೀಕ್ವೆನ್ಸಿ ಯಾರದೋ ಜೀವ ಉಳಿಸಲು ಇರುವಂಥವು. ಉತ್ತರ ಬಂದಿಲ್ಲ ಅಂತ ಐದೈದು ನಿಮಿಷಕ್ಕೆ ಒತ್ತುತ್ತಾ ಕೂರಬೇಡಿ.

ಮಾತಿನ ಚಾನೆಲ್ ಬೇರೆ ವಿಷಯ. 1601 ಅಂದರೆ ನೀವು 16360ರಲ್ಲಿ ಮಾತಾಡುತ್ತೀರಿ, ಸ್ಟೇಷನ್ 17242ರಲ್ಲಿ ಮಾತಾಡುತ್ತದೆ. 801ಕ್ಕೆ 8195 ಮತ್ತು 8719. ಹಾಗಾಗಿ ಅವರು ನಿಮಗೆ ಕೇಳುತ್ತಾರಾ ಅಂತ ನೋಡಲು ಅವರ ಫ್ರೀಕ್ವೆನ್ಸಿ ಕೇಳಬೇಕು, ನಿಮ್ಮದನ್ನಲ್ಲ. ಹೊಸ ಕೆಡೆಟ್‌ಗಳು ಇಲ್ಲೇ ಎಡವುತ್ತಾರೆ.

ಇನ್ನು ಆಂಟೆನಾ. ಬಿಸಿಲು ಬಿದ್ದ ಮೇಲೆ ಮಂಕಿ ಐಲ್ಯಾಂಡ್‌ಗೆ (ಬ್ರಿಡ್ಜ್‌ನ ಮೇಲಿನ ತಾರಸಿ) ಹೋಗಿ ವಿಪ್‌ನ ಬುಡದ ಇನ್ಸುಲೇಟರ್ ನೋಡಿ. ಉಪ್ಪು ಒಣಗಿ ಬಿಳಿ ಪೊರೆ ಕಟ್ಟಿರುತ್ತದೆ, ಕಲ್ಲಿದ್ದಲಿನ ಹಡಗಾದರೆ ಅದರ ಮೇಲೆ ಕಪ್ಪು ಧೂಳು ಬೇರೆ. ಬೆರಳಲ್ಲಿ ಉಜ್ಜಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಇಬ್ಬನಿ ಬಿದ್ದು ಅದು ಒದ್ದೆಯಾದರೆ ನಿಮ್ಮ ಪವರ್ ಆ ಪೊರೆಯ ಮೇಲೆಯೇ ಹಲ್‌ಗೆ, ಅಂದರೆ ಹಡಗಿನ ಮೈಗೆ, ಇಳಿದುಹೋಗುತ್ತದೆ. ಫ್ರೀಕ್ವೆನ್ಸಿ ಕಡಿಮೆ ಆದಷ್ಟೂ ಬುಡದಲ್ಲಿ ವೋಲ್ಟೇಜ್ ಜಾಸ್ತಿ, ಹಾಗಾಗಿ 2 ಮತ್ತು 4 ಮೊದಲು ಕೆಡುತ್ತವೆ. 4207.5 ಹಾಕಿದಾಗ ಟ್ಯೂನರ್ (ಆಂಟೆನಾವನ್ನು ಆ ಫ್ರೀಕ್ವೆನ್ಸಿಗೆ ಹೊಂದಿಸುವ ಪೆಟ್ಟಿಗೆ) ಟಕಟಕ ಅಂತ ತುಂಬಾ ಹೊತ್ತು ಹುಡುಕಾಡುತ್ತದೆಯಾ ಕಿವಿಗೊಟ್ಟು ನೋಡಿ. ಸೆಟ್‌ನ ಪವರ್ ತೆಗೆದು, ಬ್ರೇಕರ್‌ಗೆ ಟ್ಯಾಗ್ ಹಾಕಿ, ಆಮೇಲೆ ಸಿಹಿನೀರಿನಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಪವರ್ ಇರುವಾಗ ಮುಟ್ಟಿದರೆ ಚರ್ಮ ಸುಡುತ್ತದೆ. ಟ್ಯೂನರ್‌ನಿಂದ ಹಲ್‌ಗೆ ಹೋಗುವ ತಾಮ್ರದ ಪಟ್ಟಿ ಹಸಿರುಗಟ್ಟಿದೆಯಾ, ಬೋಲ್ಟ್ ಸಡಿಲವಾಗಿದೆಯಾ ಅದನ್ನೂ ನೋಡಿ.

ಕೊನೆಗೆ, ಇದನ್ನು ಬಹಳ ಗಂಭೀರವಾಗಿ ಹೇಳುತ್ತೇನೆ. ಈ ಮಧ್ಯಬಿಂದು, 85 ಪರ್ಸೆಂಟ್, ಬೀಕನ್ ಎಲ್ಲ ಟೈಮ್ ಇದ್ದಾಗಿನ ಮಾತು. ಹಡಗಿಗೇ ಅಪಾಯ ಬಂದರೆ ಲೆಕ್ಕ ಹಾಕುತ್ತಾ ನಿಲ್ಲಬೇಡಿ. ಕೆಂಪು ಮುಚ್ಚಳ ಎತ್ತಿ ಮಲ್ಟಿ-ಫ್ರೀಕ್ವೆನ್ಸಿ ಇಟ್ಟು ಒತ್ತಿ, ಸೆಟ್ ತಾನೇ ಒಂದಾದ ಮೇಲೊಂದರಂತೆ ಆರು ಫ್ರೀಕ್ವೆನ್ಸಿಯಲ್ಲೂ ಕಳಿಸುತ್ತದೆ. ಒಂದನ್ನೇ ಆರಿಸಬೇಕಾಗಿ ಬಂದರೆ 8 ಮೆಗಾಹರ್ಟ್ಸ್ ಮೊದಲು. ಬೆಳಗ್ಗೆ 10ಕ್ಕೆ 3300 ಕಿಲೋಮೀಟರ್ ಆಚೆಯ ಸ್ಟೇಷನ್‌ಗೆ ಅದು ಮುಟ್ಟದಿರಬಹುದು, ಆದರೆ ಎಚ್‌ಎಫ್ ಇರುವ ಹಡಗುಗಳೆಲ್ಲ 8414.5 ಕಡ್ಡಾಯವಾಗಿ ಕೇಳುತ್ತಿರುತ್ತವೆ, 500 ಕಿಲೋಮೀಟರ್ ಆಚೆ ಹೋಗುತ್ತಿರುವ ಹಡಗಿಗೆ ಅದು ಕೇಳಿಸೀತು. ನಿಮ್ಮ ಹತ್ತಿರ ಮೊದಲು ಬರುವುದು ಆ ಹಡಗೇ.

ಪಡುವಣ_ಗಾಳಿ:

ಎಲ್ಲರಿಗೂ ಕೈ ಮುಗಿದೆ. ಒಂದು ಅನುಮಾನ ಉಳಿದಿದೆ. ಮೊನ್ನೆ ಮಧ್ಯಾಹ್ನ 14.100ರಲ್ಲಿ ಕೊಲಂಬೊ ಚೆನ್ನಾಗಿ ಬರುತ್ತಿತ್ತು, ಇದ್ದಕ್ಕಿದ್ದ ಹಾಗೆ ಎಲ್ಲ ಬ್ಯಾಂಡೂ ಖಾಲಿ. ಆಂಟೆನಾ ಕಿತ್ತುಹೋಯಿತೇನೋ ಅಂತ ಮೇಲೆ ಹೋಗಿ ನೋಡಿ ಬಂದೆ. 40 ನಿಮಿಷದ ಮೇಲೆ ತಾನೇ ಸರಿಯಾಯಿತು. ಇದೇನು?

ಮಲೆನಾಡು_ಹ್ಯಾಮ್:

ಸೌರಜ್ವಾಲೆ ಇರಬೇಕು. ಸೂರ್ಯನಿಂದ ಎಕ್ಸ್‌ರೇ ಬಂದು ಡಿ ಪದರವನ್ನು ಒಮ್ಮೆಗೇ ದಪ್ಪ ಮಾಡುತ್ತದೆ, ಬಿಸಿಲಿರುವ ಅರ್ಧ ಭೂಮಿಯಲ್ಲಿ ಮಾತ್ರ. ಆಗ ಕೆಳಗಿನ ಫ್ರೀಕ್ವೆನ್ಸಿ ಮೊದಲು ಸಾಯುತ್ತದೆ, ಮೇಲಿನದು ಮೊದಲು ಎದ್ದು ಬರುತ್ತದೆ. ಹಾಗಾಗಿ ಫ್ರೀಕ್ವೆನ್ಸಿ ಏರಿಸಿ, 16 ಬಿಟ್ಟು 22 ನೋಡಿ, ಅದೂ ಇಲ್ಲದಿದ್ದರೆ ಸುಮ್ನೆ ಕಾಯಿರಿ. ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಗಿಯುತ್ತದೆ.

ಆದರೆ ಇದನ್ನು ಕಾಂತೀಯ ಬಿರುಗಾಳಿಯ ಜೊತೆ ಕಲಸಿಕೊಳ್ಳಬೇಡಿ. ಅದು ಒಂದೆರಡು ದಿನ ತಡವಾಗಿ ಬಂದು ದಿನಗಟ್ಟಲೆ ಕೂರುತ್ತದೆ. 2024ರ ಮೇ 10-11ರಂದು ಬಂದದ್ದು ಅಂಥದ್ದು, ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿ ಹೊಳೆದದ್ದು ನೆನಪಿರಬಹುದು. ಬಿರುಗಾಳಿಯಲ್ಲಿ ಸಾಮಾನ್ಯವಾಗಿ ಎಫ್2 ಪದರವೇ ಸೊರಗುತ್ತದೆ, ಎಂಯುಎಫ್ ಕುಸಿಯುತ್ತದೆ. ಆಗ ಮೇಲಕ್ಕೆ ಹೋದರೆ ಕೆಲಸ ಕೆಡುತ್ತದೆ, ಕೆಳಗಿನ ಬ್ಯಾಂಡ್‌ಗೆ ಇಳಿಯಬೇಕು. ನಮ್ಮ ಕಾಂತ ಸಮಭಾಜಕದ ಹತ್ತಿರ ಒಂದೊಂದು ಸಲ ಉಲ್ಟಾ ನಡೆಯುವುದೂ ಇದೆ, ಅದಕ್ಕೇ ಆ ದಿನ ಪುಸ್ತಕಕ್ಕಿಂತ ಬೀಕನ್ನನ್ನೇ ಜಾಸ್ತಿ ನಂಬಿ. ಫಟ್ಟನೆ ಹೋದರೆ ಏರಿ, ನಿಧಾನವಾಗಿ ಸೊರಗಿದರೆ ಇಳಿಯಿರಿ, ನಾನು ನೆನಪಿಟ್ಟುಕೊಂಡಿರುವುದು ಹೀಗೆ.

ಪಡುವಣ_ಗಾಳಿ:

ಹನ್ನೊಂದು ದಿನ ಆಯಿತು, ಏನಾಯಿತು ಅಂತ ಹೇಳದೆ ಇರಲಾಗುವುದಿಲ್ಲ.

ಮೊದಲು ಸಂಪುಟ ತೆಗೆದು ನೋಡಿದೆ, ಸ್ಟೇಷನ್ 16804.5 ಕೇಳುತ್ತದೆ, ನಂಬರ್ ಸರಿ ಇದೆ. ವಿಪ್‌ನ ಬುಡ ತೊಳೆದೆವು, ನಾನೂ ಬೋಸನ್ನೂ (ಡೆಕ್ ಕೆಲಸಗಾರರ ಮುಖ್ಯಸ್ಥ). ಕಾರವಾರದ ಅಣ್ಣ ಹೇಳಿದ ಹಾಗೆಯೇ ಪೊರೆ ಎದ್ದು ಬಂತು, ಕೆಳಗೆ ಬೂದು ಬಣ್ಣದ ಉಪ್ಪು. ಈಗ 4 ಮೆಗಾಹರ್ಟ್ಸ್‌ನಲ್ಲಿ ಟ್ಯೂನರ್ ಎರಡೇ ಸೆಕೆಂಡಿನಲ್ಲಿ ನಿಲ್ಲುತ್ತದೆ, ಮೊದಲು ಹತ್ತು ಸೆಕೆಂಡ್ ಒದ್ದಾಡುತ್ತಿತ್ತು.

2 ಡಿಗ್ರಿ ದಕ್ಷಿಣ, 57 ಪೂರ್ವದಲ್ಲಿದ್ದಾಗ 0730 ಯುಟಿಸಿಗೆ ಬೀಕನ್ ಕೇಳಿದೆ. 4ಎಸ್7ಬಿ ಮೂರು ಗೆರೆ ಸ್ಪಷ್ಟ. 16804.5ರಲ್ಲಿ ಟೆಸ್ಟ್ ಹಾಕಿ ಗಡಿಯಾರ ನೋಡುತ್ತಾ ನಿಂತೆ. ಒಂದು ನಿಮಿಷದೊಳಗೆ ಸೆಟ್ ಕೂಗಿತು, ಪ್ರಿಂಟರ್‌ನಿಂದ ಕಾಗದ ಬಂತು, ಉತ್ತರ ಬಂದಿತ್ತು. ಬ್ರಿಡ್ಜ್‌ನಲ್ಲಿದ್ದ ಕೆಡೆಟ್‌ನನ್ನು ಕರೆದು ಮಧ್ಯಬಿಂದು ಲೆಕ್ಕ ಹಾಕಿಸಿದೆ, ಅವನೇ ಚಾರ್ಟ್ ಮೇಲೆ ಪೆನ್ಸಿಲ್ ಇಟ್ಟು ತೋರಿಸಿದ. ಮುಂದಿನ ವಾರದ ಟೆಸ್ಟನ್ನು ಬೇಕೆಂದೇ ರಾತ್ರಿ ವಾಚ್‌ಗೆ ಇಟ್ಟುಕೊಂಡೆ, ಮಧ್ಯಬಿಂದುವಿನ 9 ಗಂಟೆ ದಾಟಿದ ಮೇಲೆ, ಅದೇ ಹಳೆಯ 8414.5ರಲ್ಲಿ. ಅದಕ್ಕೂ ಉತ್ತರ ಬಂತು ಸ್ಪಾರ್ಕ್ಸ್ ಸರ್.

ಒಂದು ನೋಟ್‌ಬುಕ್ ಶುರು ಮಾಡಿದ್ದೇನೆ, ಪೆನ್ಸಿಲ್‌ನಲ್ಲೇ. ಈ ಸಲ ವಾಪಸ್ ಹೋಗುವಾಗ ಮಡಗಾಸ್ಕರ್ ದಾಟಿದ ಮೇಲೆ ಎರಡು ಜಿಗಿತದ ದಾರಿ ಸಿಗುತ್ತದೆ, ಪೂರ್ವದ ತುದಿಯಲ್ಲಿ ನಮಗಿಂತ ಎರಡೂವರೆ ಗಂಟೆ ಮೊದಲೇ ಕತ್ತಲಾಗುತ್ತದೆ. ಅಲ್ಲಿ ಎರಡೂ ಜಿಗಿತದ ಬಿಂದು ನೋಡಿ ಎಂಯುಎಫ್ ಕಡಿಮೆ ಇರುವ ಕಡೆಯದನ್ನೇ ಹಿಡಿಯಬೇಕು ಅಂತ ಅಂದುಕೊಂಡಿದ್ದೇನೆ. ಸರಿಯಾ ಸರ್?

ಹಳೇ_ಸ್ಪಾರ್ಕ್ಸ್:

ಸರಿ ತಮ್ಮಾ. ಎರಡೂ ತುದಿಯಿಂದ ದಾರಿಯ ಒಳಕ್ಕೆ 2000 ಕಿಲೋಮೀಟರ್ ದೂರದಲ್ಲಿ ಒಂದೊಂದು ಬಿಂದು ಇಟ್ಟುಕೊಂಡು ನೋಡಿ. ಅಲ್ಲಿಂದ ಬರೆದದ್ದನ್ನು ಇಲ್ಲಿ ಹಾಕಿ, ನನ್ನ ಹಳೆಯ ನೋಟ್‌ಬುಕ್ ತೆಗೆದು ಪಕ್ಕದಲ್ಲಿಟ್ಟು ನೋಡುತ್ತೇನೆ.